ಭಾವಚಿತ್ರಕ್ಕೆ ಬೆಳಕು, ವೃತ್ತಿಗೆ ಕರಾರು

ಭಾವಚಿತ್ರ ತೆಗೆಯುವಾಗ ವ್ಯಕ್ತಿಯನ್ನು ಕಿಟಕಿಗೆ ನೇರವಾಗಿ ಮುಖಮಾಡಿಸದೆ, ಬೆಳಕು ಒಂದು ಕೆನ್ನೆಯ ಮೇಲೆ ಓರೆಯಾಗಿ ಬೀಳುವಂತೆ ಕೂರಿಸಿ, ನೆರಳಿನ ಬದಿಗೆ ಬಿಳಿ ಥರ್ಮಾಕೋಲ್ ಹಲಗೆಯೊಂದನ್ನು ನಿಲ್ಲಿಸಿದರೆ, ಮುಖದ ಉಬ್ಬುತಗ್ಗುಗಳು ಉಳಿದುಕೊಂಡೇ ನೆರಳು ತಿಳಿಯಾಗುತ್ತದೆ. 85 ಮಿ.ಮೀ. ಲೆನ್ಸ್ ಇದಕ್ಕೆ ಒಪ್ಪುತ್ತದೆ. ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣಿನ ಮೇಲೆಯೇ ಫೋಕಸ್ ಇರಲಿ. ಅದರ ರೆಪ್ಪೆಗೂದಲು ಒಂದೊಂದಾಗಿ ಕಾಣಬೇಕು. ಕನ್ನಡಕ ಧರಿಸಿದವರು ಗದ್ದವನ್ನು ತುಸು ತಗ್ಗಿಸಿದರೆ ಗಾಜಿನ ಮೇಲಿನ ಹೊಳಪು ಸಾಮಾನ್ಯವಾಗಿ ಸರಿದುಹೋಗುತ್ತದೆ.

ಹಣ ಪಡೆದು ತೆಗೆದುಕೊಟ್ಟ ಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದಲ್ಲಿ, 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ತೆಗೆಸಿದವರಿಗೇ ಸೇರುತ್ತದೆ. ಇದನ್ನರಿಯದೆ ದುಡಿಯುವ ಕಿರಿಯರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆದ್ದರಿಂದ ಜಾಹೀರಾತಿನ ಕೆಲಸವಾದರೆ, ಚಿತ್ರವನ್ನು ಎಲ್ಲಿ, ಎಷ್ಟು ಕಾಲ ಬಳಸಬಹುದು, ಹಕ್ಕು ಯಾರದು ಎಂಬುದನ್ನು ಮುಂಗಡ ಪಡೆಯುವ ಮೊದಲೇ ಬರೆದು ಸಹಿ ಹಾಕಿಸಿಕೊಳ್ಳಿ.