ಒಂದೇ ದಾಸವಾಳಕ್ಕೆ ಎರಡು ಥರದ ಮಕ್ಕಳು

ಕಡ್ಡಿ ನೆಟ್ಟರೆ ದಾಸವಾಳ ಬರುತ್ತದೆ ಅನ್ನೋದು ಗಿಡ ಬೆಳೆಸುವ ಎಲ್ಲರಿಗೂ ಗೊತ್ತು. ಬೀಜದಿಂದ ದಾಸವಾಳ ಬೆಳೆಸಿದವರು ಮಾತ್ರ ಕಡಿಮೆ. ಲೈಂಗಿಕ ಸಂತಾನೋತ್ಪತ್ತಿ, ನಿರ್ಲಿಂಗ ಸಂತಾನೋತ್ಪತ್ತಿ ಅಂತ ಶಾಲೆಯಲ್ಲಿ ನಾನೂ ಬಾಯಿಪಾಠ ಮಾಡಿದ್ದೆ. ಒಂದೇ ಗಿಡದಲ್ಲಿ ಎರಡನ್ನೂ ಕೈಯಾರೆ ಮಾಡಿ ನೋಡಿದ ಮೇಲೇ ಅದು ತಲೆಗೆ ಹತ್ತಿದ್ದು.

ಮೊದಲು ಕಡ್ಡಿ. ಐದು ಗೇಣಿನ ಕೆಂಪು ದಾಸವಾಳದಿಂದ ಪೆನ್ಸಿಲ್ ದಪ್ಪದ 6 ಕಡ್ಡಿ ತೆಗೆದೆ. ತೀರಾ ಎಳಸೂ ಅಲ್ಲ, ತೀರಾ ಬಲಿತದ್ದೂ ಅಲ್ಲ. ಗಿಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಒದ್ದೆ ಮರಳಿಗೆ ಚುಚ್ಚಿದೆ. ಒಂದನ್ನು ಬೇಕಂತಲೇ ತಲೆಕೆಳಗಾಗಿ ಇಟ್ಟೆ. ಮೂರನೇ ವಾರ ಒಂದನ್ನು ಮೆಲ್ಲಗೆ ಎತ್ತಿ ನೋಡಿದರೆ, ಕತ್ತರಿಸಿದ ಅಂಚಿನ ಸುತ್ತ ಬಿಳಿ ಗಂಟು ಕಟ್ಟಿತ್ತು. ಇನ್ನೆರಡು ವಾರಕ್ಕೆ ಅಲ್ಲಿಂದಲೇ ದಾರದಂಥ ಬೇರು ಬಂತು. ತಲೆಕೆಳಗಾದ ಕಡ್ಡಿ ಮಾತ್ರ ಒಣಗಿತು. ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸ ಕಾಂಡದಲ್ಲಿ ಬುಡದ ಕಡೆಗೇ ಇಳಿಯುತ್ತದೆ. ಅದು ಬಂದು ಸೇರುವ ಕಡೆ ಬೇರೊಡೆಯುತ್ತದೆ. ಕಡ್ಡಿಯನ್ನು ನಾವು ತಿರುಗಿಸಿ ಇಟ್ಟರೂ ತನ್ನ ಬುಡ ಯಾವುದು ಅನ್ನೋದು ಅದಕ್ಕೆ ಮರೆಯುವುದಿಲ್ಲ.

ಇಲ್ಲಿ ಹೊಸ ಜೀವ ಅಂತ ಏನೂ ಹುಟ್ಟಲಿಲ್ಲ. ಇದ್ದ ಜೀವಕೋಶವೇ ಎರಡಾಗಿ, ನಾಲ್ಕಾಗಿ, ತನ್ನೊಳಗಿನ ಬರಹವನ್ನು ಹಾಗೇ ನಕಲು ಮಾಡಿಕೊಂಡು ಹೋಯಿತು. ಐದು ಕುಂಡದಲ್ಲಿ ಐದು ಗಿಡ ಇವೆ, ನಿಜ. ಆದರೆ ನನ್ನ ಪ್ರಕಾರ ಅವು ಐದು ಕಡೆ ನಿಂತಿರುವ ಒಂದೇ ಗಿಡ. ಅದೇ ಕೆಂಪು, ಅದೇ ಅಳತೆ.

ಆ ಗಿಡಗಳ ಚಿಗುರಿಗೆ ಗಿಡಹೇನು ಹತ್ತಿತು. ಔಷಧಿ ಹೊಡೆಯುವ ಮುಂಚೆ ಒಂದು ಪ್ರಯೋಗ ಮಾಡಿದೆ. 1740ರಲ್ಲಿ ಜಿನೀವಾದ ಶಾರ್ಲ್ ಬೊನೆ ಎಂಬ 20ರ ಹುಡುಗ ಮಾಡಿದ್ದು ಅದು. ಆಗಷ್ಟೇ ಹುಟ್ಟಿದ ಒಂದು ಗಿಡಹೇನಿನ ಮರಿಯನ್ನು ಒಂಟಿಯಾಗಿ ಸಾಕಿ, ಅದನ್ನೇ ಕಾಯುತ್ತಾ ಕೂತ. ಗಂಡಿನ ಮುಖವನ್ನೇ ಕಾಣದೆ ಅದು 21 ದಿನದಲ್ಲಿ 95 ಮರಿ ಹಾಕಿತು.

ನಾನೂ ಒಂದು ಮರಿಯನ್ನು ಒದ್ದೆ ಕುಂಚದ ತುದಿಯಲ್ಲಿ ಎತ್ತಿ, ಬಾಟಲಿಯಲ್ಲಿಟ್ಟ ಚಿಗುರಿನ ಮೇಲೆ ಬಿಟ್ಟು, ತೆಳು ಬಟ್ಟೆ ಕಟ್ಟಿದೆ. ಅದು ನಾಲ್ಕು ಸಲ ಪೊರೆ ಬಿಟ್ಟಿತು. ಬಿಳಿ ಸಿಪ್ಪೆಗಳು ಎಲೆಗೇ ಅಂಟಿಕೊಂಡಿದ್ದವು. 8ನೇ ದಿನ ಭೂತಗನ್ನಡಿ ಹಿಡಿದು ನೋಡುತ್ತಿದ್ದಾಗಲೇ ಅದರ ಹಿಂಬದಿಯಿಂದ ಹಸಿರು ಹನಿಯಂಥದ್ದು ಹೊರಬಂತು. ಹನಿಯಲ್ಲ, ಮರಿ! ಹಿಂಭಾಗ ಮೊದಲು, ತಲೆ ಕೊನೆಗೆ. ಕಾಲುಗಳನ್ನು ಬಿಡಿಸಿಕೊಂಡು, ಒದರಿ, ಎಲೆ ಮೇಲೆ ನಿಂತು ನಡೆದೇಬಿಟ್ಟಿತು. ಮೊಟ್ಟೆ ಇಲ್ಲ, ಗಂಡು ಇಲ್ಲ. ಹುಟ್ಟಿದ್ದೆಲ್ಲ ಹೆಣ್ಣೇ. ಆ ಮರಿಯ ಹೊಟ್ಟೆಯಲ್ಲಿ ಅದರ ಮರಿಯೂ ಆಗಲೇ ಬೆಳೆಯಲು ಶುರುವಾಗಿರುತ್ತದೆ. ಚಳಿ ಜಾಸ್ತಿ ಇರುವ ದೇಶಗಳಲ್ಲಿ ಹಗಲು ಕುಗ್ಗುತ್ತಾ ಬಂದಾಗ ಮಾತ್ರ ಗಂಡುಗಳು ಹುಟ್ಟುತ್ತವೆ. ಆಗ ಹೆಣ್ಣುಗಳು ಗಂಡಿನ ಜೊತೆ ಕೂಡಿ ಮೊಟ್ಟೆ ಇಡುತ್ತವೆ, ಆ ಮೊಟ್ಟೆ ಚಳಿಗಾಲ ದಾಟುತ್ತದೆ. ಒಂದೇ ಹುಳು ಎರಡು ದಾರಿಯನ್ನೂ ಇಟ್ಟುಕೊಂಡಿದೆ, ನೋಡಿ.

ಈಗ ಬೀಜದ ಕಡೆ. ಇದು ಕಷ್ಟದ ಕೆಲಸ. ದಾಸವಾಳದ ನಡುವಿನ ಕೊಳವೆಯ ಸುತ್ತ ಹಳದಿ ಕೇಸರಗಳು, ಅದರ ತುದಿಯಲ್ಲಿ ಐದು ಕೆಂಪು ಗುಂಡುಗಳು. ಕೇಸರ ಗಂಡಿನ ಭಾಗ, ಗುಂಡುಗಳು ಹೆಣ್ಣಿನ ಭಾಗ. ನಾಳೆ ಅರಳುವ ಕೆಂಪು ಮೊಗ್ಗನ್ನು ಸಂಜೆಯೇ ಬಿಡಿಸಿ, ಚಿಮಟದಿಂದ ಕೇಸರವನ್ನೆಲ್ಲ ಕಿತ್ತು, ಪೇಪರ್ ಚೀಲ ಕಟ್ಟಿದೆ. 1694ರಲ್ಲಿ ಜರ್ಮನಿಯ ಕ್ಯಾಮರೇರಿಯಸ್ ಇದೇ ಥರ ಹರಳಿನ ಗಿಡದ ಗಂಡು ಹೂಗಳನ್ನು ಕಿತ್ತು ನೋಡಿದ್ದ. ಕಾಯಿಯೊಳಗೆ ಬೀಜ ಕಟ್ಟಲೇ ಇಲ್ಲ. ಗಿಡಕ್ಕೂ ಗಂಡು ಹೆಣ್ಣು ಇದೆ ಅಂತ ಪ್ರಯೋಗ ಮಾಡಿ ತೋರಿಸಿದ್ದು ಹಾಗೆ.

ಬೆಳಿಗ್ಗೆ ಹಳದಿ ದಾಸವಾಳದ ಕೇಸರ ತಂದು ಆ ಐದು ಗುಂಡುಗಳ ಮೇಲೂ ಸವರಿದೆ. ಗುಂಡುಗಳಿಗೆ ಮಖಮಲ್ ಥರ ನವಿರು ಕೂದಲಿರುತ್ತವೆ. ಪರಾಗದ ಕಣ ಅಲ್ಲಿ ಕಚ್ಚಿಕೊಂಡು ಕೂತದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಅಲ್ಲಿಂದ ಪ್ರತಿ ಕಣವೂ ಒಂದು ಸಣ್ಣ ನಾಳ ಬೆಳೆಸಿಕೊಂಡು, ಹೂವಿನ ಬುಡದ ಅಂಡಾಶಯದವರೆಗೆ ಇಳಿಯಬೇಕು.

ಹೂ ಮಾರನೇ ದಿನ ಬಾಡಿ ಬಿತ್ತು. ತೊಟ್ಟೂ ಹಳದಿಯಾಗಿ ಉದುರಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಒಟ್ಟು 9 ಹೂವಿಗೆ ಮಾಡಿದ ಮೇಲೆ ಒಂದೇ ಒಂದು ಕಾಯಿ ಕಚ್ಚಿತು. ಇದಕ್ಕೆ ಕಾರಣವಿದೆ. ತೋಟದ ದಾಸವಾಳಗಳು ಎಷ್ಟೋ ತಲೆಮಾರಿನ ಮಿಶ್ರತಳಿಗಳು, ಅವುಗಳ ವರ್ಣತಂತುಗಳ, ಅಂದರೆ ಜೀವಕೋಶದೊಳಗಿನ ಆ ಬರಹವನ್ನು ಹೊತ್ತ ಎಳೆಗಳ, ಲೆಕ್ಕ ಏರುಪೇರಾಗಿರುತ್ತದೆ. ಗಂಡಿನಿಂದ ಅರ್ಧ, ಹೆಣ್ಣಿನಿಂದ ಅರ್ಧ ಸರಿಯಾಗಿ ಕೂಡದಿದ್ದರೆ ಬೀಜ ನಿಲ್ಲುವುದಿಲ್ಲ. ಕಡ್ಡಿಗೆ ಈ ತೊಂದರೆ ಇಲ್ಲ, ಅಲ್ವಾ? ಅದಕ್ಕೇ ಎಲ್ಲರೂ ಕಡ್ಡಿ ನೆಡುತ್ತಾರೆ.

ಎರಡು ತಿಂಗಳಿಗೆ ಕಾಯಿ ಕಂದು ಬಣ್ಣಕ್ಕೆ ತಿರುಗಿ ಬಿರಿಯಿತು. 11 ಬೀಜ ಸಿಕ್ಕವು. ಸಿಪ್ಪೆ ಸ್ವಲ್ಪ ಕೆರೆದು, ರಾತ್ರಿ ನೆನೆಸಿ ಬಿತ್ತಿದೆ. 7 ಮೊಳೆತವು. ನಾಲ್ಕನೇ ಎಲೆ ಬರುವ ಹೊತ್ತಿಗೇ ಒಂದರಂತೆ ಒಂದಿರಲಿಲ್ಲ. ಒಂದರ ಎಲೆ ಅಗಲ, ಇನ್ನೊಂದರದ್ದು ಚೂಪು. ಮಳೆ ಜಾಸ್ತಿಯಾದಾಗ ಎರಡು ಸಸಿ ಬುಡ ಕೊಳೆತು ಸತ್ತವು. ಅದೇ ಟ್ರೇಯ ಉಳಿದ ಐದಕ್ಕೆ ಏನೂ ಆಗಲಿಲ್ಲ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳಿಗೆ ಅಂಗಮಾರಿ ಬಂದದ್ದು ಆಗ ನೆನಪಾಯಿತು. ಅಲ್ಲಿ ಗಡ್ಡೆಯಿಂದ ಗಡ್ಡೆ ನೆಟ್ಟು ಬಹುಪಾಲು ಒಂದೇ ತಳಿ ಬೆಳೆಯುತ್ತಿದ್ದರು. ಒಂದು ಗಿಡವನ್ನು ಕೆಡವಿದ ರೋಗ ಪಕ್ಕದ ಗಿಡವನ್ನು ಬಿಡಲು ಕಾರಣವೇ ಇರಲಿಲ್ಲ. ಹತ್ತು ಲಕ್ಷದಷ್ಟು ಜನ ಸತ್ತರು.

ಒಂದು ವರ್ಷ ನಾಲ್ಕು ತಿಂಗಳಿಗೆ ಅಗಲ ಎಲೆಯ ಸಸಿ ಮೊದಲ ಹೂ ಬಿಟ್ಟಿತು. ಬೆಳಿಗ್ಗೆ ಆರಕ್ಕೇ ಹೋಗಿ ನಿಂತಿದ್ದೆ. ತಾಯಿಯ ಕೆಂಪೂ ಅಲ್ಲ, ತಂದೆಯ ಹಳದಿಯೂ ಅಲ್ಲ. ಮಾಗಿದ ಕಿತ್ತಳೆ ಬಣ್ಣ, ನಡುವೆ ರಕ್ತಗೆಂಪಿನ ಕಣ್ಣು, ಅಂಚು ಸಣ್ಣಗೆ ನೆರಿಗೆ. ಆ ನೆರಿಗೆ ಅಪ್ಪನಲ್ಲೂ ಇಲ್ಲ, ಅಮ್ಮನಲ್ಲೂ ಇಲ್ಲ! ಸಂಜೆಯವರೆಗೆ ಎಷ್ಟು ಸಲ ಹೋಗಿ ನೋಡಿದೆನೋ.

ಇದರ ಬೀಜ ಬಿತ್ತಿದರೆ ಈ ಹೂ ಮತ್ತೆ ಸಿಗುವುದಿಲ್ಲ. ಅರ್ಧ ಅರ್ಧ ಮತ್ತೆ ಕಲೆಸಿಹೋಗುತ್ತದೆ. ಅದಕ್ಕೇ ಗಿಡ ಬಲಿಯುವವರೆಗೆ ಕಾದು, 3 ಕಡ್ಡಿ ತೆಗೆದು ಮರಳಿಗೆ ಚುಚ್ಚಿದ್ದೇನೆ. ನಿನ್ನೆ ಒಂದನ್ನು ಎತ್ತಿ ನೋಡಿದೆ. ಅಂಚಿನಲ್ಲಿ ಬಿಳಿ ಗಂಟು ಕಟ್ಟಿದೆ.