ನೋವಿಗೂ ಬಿ.ಪಿ.ಗೂ ಒಂದೇ ಪುಸ್ತಕ

ಮೂಡಿಗೆರೆ ತಾಲ್ಲೂಕಿನ ನಮ್ಮ ಸಣ್ಣ ಕಾಫಿ ತೋಟದ ಕೆಲಸ ನೋಡಿಕೊಳ್ಳುತ್ತಲೇ ನಾನು ಹಲವು ವರ್ಷಗಳಿಂದ ಸೊಂಟನೋವು ಮತ್ತು ಮಂಡಿನೋವಿನೊಂದಿಗೆ ಬದುಕುತ್ತಿದ್ದೇನೆ. ನಡುವೆ ಅಧಿಕ ರಕ್ತದೊತ್ತಡವೂ ಬಂದು ಸೇರಿಕೊಂಡಿತು. ಸೊಂಟಕ್ಕೆ ಮೂಳೆ ಡಾಕ್ಟರು, ಬಿ.ಪಿ.ಗೆ ಫಿಜಿಷಿಯನ್ ಎಂದು ಎರಡು ಕಡೆ ತೋರಿಸಿಕೊಳ್ಳುವ ನನ್ನಂಥವರು ಮಲೆನಾಡಿನ ಊರೂರಿನಲ್ಲಿಯೂ ಇದ್ದಾರೆ. ಅವರ ಬಳಿ ಎರಡು ಚೀಟಿ, ಎರಡು ಫೈಲು, ಎರಡು ಡಬ್ಬಿ ಮಾತ್ರೆ ಇರುತ್ತವೆ. ಒಂದು ಕಡೆ ಬರೆದುಕೊಟ್ಟದ್ದು ಇನ್ನೊಂದು ಕಡೆಯವರಿಗೆ ತಿಳಿದಿರುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಆದರೆ ಆ ಮಾತ್ರೆಗಳೆಲ್ಲ ಕೆಲಸ ಮಾಡುವುದು ಒಂದೇ ದೇಹದಲ್ಲಿ. ಈ ಎರಡು ತೊಂದರೆಗಳನ್ನು ಒಂದೇ ಲೆಕ್ಕದಲ್ಲಿಟ್ಟು ನೋಡತೊಡಗಿದ ಮೇಲೆಯೇ ನನ್ನ ರಕ್ತದೊತ್ತಡ ಹಿಡಿತಕ್ಕೆ ಬಂದದ್ದು.

ಬಿ.ಪಿ.ಗೆ ಕೊಟ್ಟಿದ್ದ ಟೆಲ್ಮಿಸಾರ್ಟಾನ್ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಿದರೂ ಒತ್ತಡದ ಮೇಲಿನ ಅಂಕಿ 150ರಿಂದ ಕೆಳಗೆ ಇಳಿಯದೇ ಇದ್ದಾಗ, ಚಿಕ್ಕಮಗಳೂರಿನ ಫಿಜಿಷಿಯನ್ ಇನ್ನೊಂದು ಮಾತ್ರೆ ಬರೆಯುವ ಮೊದಲು ಒಂದು ಮಾತು ಹೇಳಿದರು: "ನೋವಿಗೆ ಏನೇನು ತಗೋತೀರೋ ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ ಅಮ್ಮಾ, ಎಣ್ಣೆ, ಕಷಾಯ ಏನಿದ್ರೂ ಸರಿ." ನಾನು ಒಯ್ದ ಚೀಲದಲ್ಲಿ ಅಸಿಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಸೇರಿಸಿದ ಮಾತ್ರೆಯ ಪಟ್ಟಿಗಳಿದ್ದವು. ಅವರು ಅದನ್ನೇ ಕೈಗೆತ್ತಿಕೊಂಡು ವಿವರಿಸಿದರು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಎಟೊರಿಕಾಕ್ಸಿಬ್ ಇವೆಲ್ಲ ಒಂದೇ ಬಳಗಕ್ಕೆ ಸೇರಿದ ನೋವಿನ ಮಾತ್ರೆಗಳು. ಮೂತ್ರಪಿಂಡಕ್ಕೆ ರಕ್ತ ಸರಾಗವಾಗಿ ಹರಿಯಲು ಮತ್ತು ಹೆಚ್ಚಾದ ಉಪ್ಪು ಹೊರಗೆ ಹೋಗಲು ನೆರವಾಗುವ ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ಈ ಮಾತ್ರೆಗಳು ತಡೆಯುವುದರಿಂದ, ದೇಹದಲ್ಲಿ ಉಪ್ಪು ಮತ್ತು ನೀರು ಉಳಿದುಕೊಂಡು ಒತ್ತಡ ಏರುತ್ತದೆ. ಅಷ್ಟೇ ಅಲ್ಲದೆ ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಮಾತ್ರೆಗಳ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಗಳ ಪರಿಣಾಮವನ್ನೂ ಅವು ಕುಗ್ಗಿಸುತ್ತವೆ. ಈ ಮೂರೂ ಒಟ್ಟಿಗೆ ಸೇರಿದರೆ ಮೂತ್ರಪಿಂಡಕ್ಕೇ ಪೆಟ್ಟು ಬೀಳುವ ಅಪಾಯವಿದೆ. ಅಮ್ಲೋಡಿಪಿನ್ ಎಂಬ ಇನ್ನೊಂದು ಬಿ.ಪಿ. ಮಾತ್ರೆಯ ಮೇಲೆ ಮಾತ್ರ ಈ ಪ್ರಭಾವ ಕಡಿಮೆ.

ಈ ಬಳಗದ ಮಾತ್ರೆ ನಮ್ಮ ಕಡೆ ಎಷ್ಟು ಬಗೆಯ ವೇಷದಲ್ಲಿ ಬರುತ್ತದೆ ಎಂಬುದನ್ನು ಓದುವವರು ಗಮನಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಮೆಡಿಕಲ್ ಶಾಪಿನಲ್ಲಿ "ಮೈಕೈ ನೋವಿಗೆ ಕೊಡಿ" ಎಂದರೆ ಚೀಟಿ ಕೇಳದೆ ಕೊಡುವ ಮಾತ್ರೆ ಸಾಮಾನ್ಯವಾಗಿ ಅದೇ. ಕೊಯ್ಲಿನ ಕಾಲದಲ್ಲಿ ಕೂಲಿಯವರು ಸಂಜೆ ಹಾಕಿಸಿಕೊಂಡು ಬರುವ ನೋವಿನ ಇಂಜೆಕ್ಷನ್ನು ಬಹುಮಟ್ಟಿಗೆ ಡೈಕ್ಲೋಫೆನಾಕ್ ಆಗಿರುತ್ತದೆ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ, ಒಂದೇ ದಿನದಲ್ಲಿ ನೋವು ಮಾಯ ಮಾಡುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು, ಅದೂ ಒತ್ತಡವನ್ನು ಏರಿಸುತ್ತದೆ. ಕೆಮ್ಮಿಗೆ ಮನೆಯಲ್ಲಿ ಕುದಿಸುವ ಜ್ಯೇಷ್ಠಮಧುವಿನ ಕಷಾಯವನ್ನು ದಿನವೂ ಕುಡಿದರೆ ದೇಹದಲ್ಲಿ ಉಪ್ಪು ನಿಂತು, ಪೊಟ್ಯಾಸಿಯಂ ಇಳಿದು, ಬಿ.ಪಿ. ಹೆಚ್ಚುತ್ತದೆ ಎಂಬುದು ನನಗೂ ಆ ದಿನವೇ ತಿಳಿದದ್ದು.

ಹಾಗಾದರೆ ನೋವಿಗೆ ಏನು ಮಾಡುವುದು? ನೋವನ್ನು ಹಲ್ಲುಕಚ್ಚಿ ತಡೆದುಕೊಳ್ಳುವುದು ಉತ್ತರವಲ್ಲ. ತಡೆಯಲಾರದ ನೋವು, ಅದರಿಂದ ಕೆಟ್ಟ ನಿದ್ದೆ, ಇವೂ ನರಗಳನ್ನು ಕೆರಳಿಸಿ ಒತ್ತಡವನ್ನು ಏರಿಸುತ್ತವೆ. ಇಬ್ಬರು ಡಾಕ್ಟರರಿಗೂ ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸಿ ಮಾತನಾಡಿದ ಮೇಲೆ ನೋವಿನ ಆ ಮಾತ್ರೆ ನಿಂತಿತು. ಮಂಡಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚುತ್ತೇನೆ. ಚರ್ಮದ ಮೂಲಕ ರಕ್ತಕ್ಕೆ ಸೇರುವ ಔಷಧಿ ಮಾತ್ರೆಗಿಂತ ಬಹಳ ಕಡಿಮೆ. ನೋವು ಹೆಚ್ಚಿದ ದಿನ ಪ್ಯಾರಾಸಿಟಮಾಲ್ ತೆಗೆದುಕೊಳ್ಳುತ್ತೇನೆ, ಆದರೆ ಅದನ್ನೂ ದಿನನಿತ್ಯದ ಅಭ್ಯಾಸ ಮಾಡಿಕೊಂಡಿಲ್ಲ. ಎಡಿನ್‌ಬರೋದಲ್ಲಿ ಅಧಿಕ ರಕ್ತದೊತ್ತಡವಿರುವ 110 ಜನರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 4 ಗ್ರಾಂನಂತೆ ಎರಡು ವಾರ ಪ್ಯಾರಾಸಿಟಮಾಲ್ ಕೊಟ್ಟಾಗ ಮೇಲಿನ ಅಂಕಿ ಸುಮಾರು 5ರಷ್ಟು ಏರಿತ್ತು. ನೀರಿಗೆ ಹಾಕಿದರೆ ನೊರೆಯುಕ್ಕುವ ಬಗೆಯ ಮಾತ್ರೆಯಲ್ಲಂತೂ ಸೋಡಿಯಂ ಬೇರೆ ಇರುತ್ತದೆ, ಅದು ನನಗೆ ಬೇಡ.

ಉಳಿದ ಭಾರವನ್ನು ಹೊತ್ತದ್ದು ಫಿಸಿಯೋಥೆರಪಿ ಮತ್ತು ಕೆಲಸದ ಹಂಚಿಕೆ. ತೊಡೆಯ ಮತ್ತು ಸೊಂಟದ ಸ್ನಾಯುಗಳಿಗೆ ಕಲಿಸಿಕೊಟ್ಟ ವ್ಯಾಯಾಮಗಳನ್ನು ಬೆಳಿಗ್ಗೆ ಮಂಚದ ಮೇಲೆಯೇ ಮಾಡುತ್ತೇನೆ; ಉಸಿರು ಬಿಗಿಹಿಡಿದು ಮಾಡಿದರೆ ಆ ಕ್ಷಣ ಒತ್ತಡ ಜಿಗಿಯುವುದರಿಂದ ಬಾಯಿಬಿಟ್ಟು ಎಣಿಸುತ್ತಾ ಮಾಡಬೇಕೆಂದು ಫಿಸಿಯೋಥೆರಪಿಯವರು ಹೇಳಿದ್ದನ್ನು ಬಿಟ್ಟಿಲ್ಲ. ಹಣ್ಣು ಕೊಯ್ಯುವ ಕಾಲದಲ್ಲಿ ಬಗ್ಗಿ ಉದುರಿದ್ದನ್ನು ಹೆಕ್ಕುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ, ನಾನು ಕಣದಲ್ಲಿ ನಿಂತು ಕಾಫಿ ಹರವುವುದನ್ನು ನೋಡಿಕೊಳ್ಳುತ್ತೇನೆ, ನೋವು ಏಳುವ ಮೊದಲೇ ಕುಳಿತುಕೊಳ್ಳುತ್ತೇನೆ. ಏರು ರಸ್ತೆಯಲ್ಲಿ ಮಂಡಿ ಕೂಗುವುದರಿಂದ ನಡಿಗೆಯನ್ನು ಕಣದ ಸಮತಟ್ಟಿನಲ್ಲೇ ಸುತ್ತು ಹಾಕಿ ಮುಗಿಸುತ್ತೇನೆ.

ಬಿ.ಪಿ. ನೋಡಿಕೊಳ್ಳುವ ಬಗೆ ನೋವಿರುವವರಿಗೆ ಸ್ವಲ್ಪ ಬೇರೆಯೇ. ತೋಳಿಗೆ ಪಟ್ಟಿ ಸುತ್ತುವ ಯಂತ್ರವೇ ಒಳ್ಳೆಯದು, ಮಣಿಕಟ್ಟಿನದಲ್ಲ. ನಿಯಮವೇನೋ ಸರಳ: ಮೂತ್ರ ಮಾಡಿ ಬಂದು, ಕಾಫಿ ಕುಡಿದು ಅರ್ಧ ಗಂಟೆಯಾದರೂ ಕಳೆದಿದ್ದು, ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಮಾತಿಲ್ಲದೆ ಕುಳಿತು, ಪಾದ ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ನೋಡಬೇಕು. ಆದರೆ ಸೊಂಟ ಹಿಡಿದವಳಿಗೆ ಮರದ ಕುರ್ಚಿಯಲ್ಲಿ ಆ 5 ನಿಮಿಷವೇ ದೊಡ್ಡ ಪರೀಕ್ಷೆ. ನಾನು ಜಗಲಿಯ ಕುರ್ಚಿಗೆ ಮಡಿಚಿದ ಕಂಬಳಿಯನ್ನು ಸೊಂಟದ ಗುಳಿಗೆ ಸರಿಯಾಗಿ ಒರಗಿಸಿ, ಗಿಡ್ಡಳಾದ ನನ್ನ ಪಾದ ತೂಗಾಡದಂತೆ ಕೆಳಗೆ ಊಟದ ಮಣೆಯನ್ನಿಟ್ಟು, ಪಕ್ಕದ ಮೇಜಿನ ಮೇಲೆ ದಿಂಬಿಟ್ಟು ಅದರ ಮೇಲೆ ತೋಳು ಚಾಚುತ್ತೇನೆ. ತೋಳು ಕೆಳಗೆ ಇಳಿಬಿದ್ದರೆ, ಕಾಲ ಮೇಲೆ ಕಾಲು ಹಾಕಿದರೆ, ಅಂಕಿ ಸುಳ್ಳಾಗಿ ಏರುತ್ತದೆ. ಒಂದು ನಿಮಿಷ ಬಿಟ್ಟು ಎರಡನೆಯ ಬಾರಿ ನೋಡಿ ಎರಡನ್ನೂ ಬರೆಯುತ್ತೇನೆ. ಆಸ್ಪತ್ರೆಯಲ್ಲಿ 140/90 ಗಡಿಯಾದರೆ ಮನೆಯಲ್ಲಿ ನೋಡಿದ್ದಕ್ಕೆ 135/85 ಗಡಿ.

ಅಂಕಿಯ ಪಕ್ಕದಲ್ಲಿ ನೋವನ್ನೂ ಬರೆಯುತ್ತೇನೆ: ನೋವಿಲ್ಲದಿದ್ದರೆ 0, ತಡೆಯಲಾಗದಿದ್ದರೆ 10; ಜೊತೆಗೆ ರಾತ್ರಿ ನಿದ್ದೆ ಬಂತೇ, ಯಾವ ಮಾತ್ರೆ ನುಂಗಿದೆ ಎಂದು ಎರಡು ಮಾತು. ಕೂಲಿ ಲೆಕ್ಕದ ಉದ್ದ ಪುಸ್ತಕವೇ ಇದಕ್ಕೆ ಸಾಕು. ಜಡಿಮಳೆಯ ದಿನಗಳಲ್ಲಿ ನೋವು 7 ಎಂದು ಬರೆದಿದ್ದ ಸಾಲುಗಳಲ್ಲೆಲ್ಲ ಒತ್ತಡವೂ ಮೇಲಿತ್ತು, ನೋವು ಇಳಿದ ವಾರ ಅದೂ ಇಳಿದಿತ್ತು. ಆ ಸಾಲುಗಳನ್ನು ನೋಡಿದ ಡಾಕ್ಟರು ಬಿ.ಪಿ. ಮಾತ್ರೆಯನ್ನು ಹೆಚ್ಚಿಸದೆ ಮೊದಲು ನೋವಿನ ಚಿಕಿತ್ಸೆಯನ್ನು ಸರಿಪಡಿಸಿದರು. ನೋವಿನ ದಿನದ ಅಂಕಿ ಸುಳ್ಳೆಂದು ಬಿಟ್ಟುಬಿಡಬಾರದು, ಅದೊಂದನ್ನೇ ನಂಬಿ ಗಾಬರಿಯೂ ಆಗಬಾರದು. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲು ಸೋಲುವುದು ಏನಾದರೂ ಕಂಡರೆ ಮಾತ್ರ ಪುಸ್ತಕ ಬಿಟ್ಟು ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಉಪ್ಪಿನ ವಿಷಯದಲ್ಲಿ ಮಲೆನಾಡಿನ ಅಡುಗೆಮನೆ ಕಷ್ಟದ ಜಾಗ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಟೀ ಚಮಚ ತುಂಬದಷ್ಟು. ಮಿಡಿ ಉಪ್ಪಿನಕಾಯಿ, ಮಳೆಗಾಲದ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಲ್ಲೇ ಅದರ ದೊಡ್ಡ ಪಾಲು ಕೈಬಿಟ್ಟು ಹೋಗುತ್ತದೆ. ಗಂಜಿಗೆ ಮಿಡಿಯ ಬದಲು ಸೂಜಿಮೆಣಸಿನ ಚಟ್ನಿಗೆ ನಿಂಬೆ ಹಿಂಡಿಕೊಳ್ಳುವುದನ್ನು ನಾಲಗೆ ಕಲಿತುಕೊಂಡಿತು. ಸೋಡಿಯಂ ಕಡಿಮೆಯಿರುವ ಉಪ್ಪನ್ನು ಕೊಳ್ಳುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಅದರಲ್ಲಿ ಸೋಡಿಯಂನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಇರುತ್ತದೆ, ಟೆಲ್ಮಿಸಾರ್ಟಾನ್ ಕೂಡ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿಸುವುದರಿಂದ ಎರಡೂ ಸೇರಿದರೆ ಹೃದಯದ ಬಡಿತಕ್ಕೇ ತೊಂದರೆ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆಯನ್ನು ಡಾಕ್ಟರು ಹೇಳಿದಾಗಲೆಲ್ಲ ತಪ್ಪದೆ ಮಾಡಿಸುತ್ತೇನೆ.

ನಂತರ ಅಮ್ಲೋಡಿಪಿನ್ ಸೇರಿಸಿದಾಗ ಪಾದದ ಗಂಟು ಊದಿಕೊಂಡಿತು. ಮಂಡಿನೋವು ಕಾಲಿಗೆ ಇಳಿದಿದೆ ಎಂದು ಮನೆಯವರೆಲ್ಲ ಎಣ್ಣೆ ಕಾಯಿಸಲು ಹೊರಟಿದ್ದರು. ಆದರೆ ಅದು ಆ ಮಾತ್ರೆಯ ಪರಿಚಿತ ಅಡ್ಡಪರಿಣಾಮವೆಂದು ಪುಸ್ತಕದಲ್ಲಿದ್ದ ತಾರೀಖಿನಿಂದಲೇ ಗೊತ್ತಾಯಿತು, ಪ್ರಮಾಣ ಇಳಿಸಿದ ಮೇಲೆ ಊತವೂ ತಗ್ಗಿತು. ಬಿ.ಪಿ. ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ, ಹಣದ ಕಾರಣಕ್ಕೆ ನಡುವೆ ನಿಲ್ಲಿಸುವವರು ದಯವಿಟ್ಟು ಅಲ್ಲಿ ವಿಚಾರಿಸಿ. ಈಚೆಗೆ ಮೂಳೆ ಡಾಕ್ಟರು ನರದ ನೋವಿಗೆ ಡುಲೋಕ್ಸೆಟಿನ್ ಬರೆಯಲು ಹೊರಟಾಗ ನಾನು ಪುಸ್ತಕವನ್ನು ಅವರ ಮುಂದಿಟ್ಟೆ. ಕೆಲವರಲ್ಲಿ ಅದು ಒತ್ತಡ ಏರಿಸುವುದುಂಟು ಎಂದು ಹೇಳಿ, ಕಡಿಮೆ ಪ್ರಮಾಣದಲ್ಲಿ ಆರಂಭಿಸಿ, ಮೊದಲ ವಾರಗಳಲ್ಲಿ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಅಂಕಿ ಬರೆದು ತರಲು ಹೇಳಿದ್ದಾರೆ.