2 ರೂಪಾಯಿ ದೊಡ್ಡದು, 5 ಚಿಕ್ಕದು!

ಮಳೆ ಬಿಡದೆ ಮಕ್ಕಳು ಮನೆಯಲ್ಲೇ ಕೂತಿದ್ದಾರಾ? ಚಿಲ್ಲರೆ ಡಬ್ಬಿ ಸುರಿಯಿರಿ.

ನನ್ನ ಮಗಳು 5ಕ್ಕಿಂತ 2 ರೂಪಾಯಿಯೇ ಜಾಸ್ತಿ ಅಂತ ಹಟ ಹಿಡಿದಿದ್ದಳು. ಅವಳ ತಪ್ಪೇನೂ ಇಲ್ಲ ಬಿಡಿ. 2011ರ ಸರಣಿಯಲ್ಲಿ 2 ರೂಪಾಯಿ 25 ಮಿಲಿಮೀಟರ್ ಅಗಲ, ಹಳದಿ ಬಣ್ಣದ 5 ರೂಪಾಯಿ 23 ಅಷ್ಟೇ! ಅದಕ್ಕೆ ಪ್ರತಿ ನಾಣ್ಯದ ಮುಂದೆ ಅದರ ಬೆಲೆಯಷ್ಟು ಕಾಫಿ ಬೀಜ ಒತ್ತೊತ್ತಾಗಿ ಸಾಲಿಟ್ಟೆವು. ‘ಇದೇ ಉದ್ದ, ಇದೇ ಜಾಸ್ತಿ’ ಅಂತ ಅವಳೇ ಹೇಳಿದಳು.

20 ರೂಪಾಯಿಗೆ ಹನ್ನೆರಡು ಮೂಲೆ, 10 ಪೂರ್ತಿ ದುಂಡಗೆ. ಕಣ್ಣು ಮುಚ್ಚಿ ಬೆರಳಲ್ಲೇ ಗುರುತಿಸಲು ಹೇಳಿ, ಮಜಾ ಇರುತ್ತದೆ. ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ಪುಟಾಣಿ ಇದ್ದರೆ ಈ ಆಟ ಬೇಡ.

ಶುಕ್ರವಾರ ಮಡಿಕೇರಿ ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೆ ದುಡ್ಡು ಅವಳೇ ಎಣಿಸಿ ಕೊಟ್ಟಳು. ಹಿಂದೆ ನಿಂತವರು ಸ್ವಲ್ಪ ಕಾಯಬೇಕಾಯಿತು!